ಸರತಿಯಲ್ಲಿ ನಾಲ್ಕನೆಯದು

ಮಾಗಡಿಯಲ್ಲಿ ಪ್ರೆಸ್ ಕಾವೇರಮ್ಮ ಅಂದರೆ ಜನಕ್ಕೆ ಗೌರವಕ್ಕಿಂತ ಅಂಜಿಕೆ ಹೆಚ್ಚು. ಗಂಡ ಬೈರಪ್ಪ ಪೇಟೆಯಲ್ಲಿ ಅಚ್ಚುಕೂಟ ತೆರೆದಾಗ ಆಕೆಗೆ ಇಪ್ಪತ್ತೆರಡು ವರ್ಷ. ಸೀಸದ ಅಚ್ಚುಮೊಳೆಗಳನ್ನು ಖಾನೆಗಳಿಗೆ ವಾಪಸು ಹಾಕುವ ಕೆಲಸದಿಂದ ಶುರುಮಾಡಿದ ಹೆಂಗಸು ಎರಡು ವರ್ಷದಲ್ಲಿ ಗಂಡ ಜೋಡಿಸಿದ್ದನ್ನೇ ತಿದ್ದತೊಡಗಿದಳು. ಮದುವೆ ಕಾರ್ಡಿನಲ್ಲಿ ವರನ ಹೆಸರಿನ ಪಕ್ಕ ಬಿ.ಇ. ಎಂದು ಹಾಕಿಸಲು ಬಂದವರನ್ನು, "ಪಾಸಾಗವ್ನೋ, ಇನ್ನೂ ಪರೀಕ್ಷೆ ಬರೀತಾವ್ನೋ?" ಎಂದು ಕೇಳುವಳು. ಉತ್ತರ ಒಂದು ಗಳಿಗೆ ತಡವಾದರೂ ಆ ಎರಡಕ್ಷರದ ಮೇಲೆ ಕೆಂಪು ಗೆರೆ ಬೀಳುತ್ತಿತ್ತು. ಮೊಳೆಯ ಕಾಲ ಮುಗಿದು ಕಂಪ್ಯೂಟರು ಬಂದಾಗ ಬೈರಪ್ಪ ಕೈಚೆಲ್ಲಿ ಕೂತ. ಕಾವೇರಮ್ಮ ಮೂರು ತಿಂಗಳು ದಿನಾ ಬಸ್ಸು ಹತ್ತಿ ರಾಮನಗರಕ್ಕೆ ಹೋಗಿ, ಮಗಳ ವಯಸ್ಸಿನ ಹುಡುಗಿಯರ ಪಕ್ಕ ಕೂತು ಕಲಿತು ಬಂದಳು. ಬೈರಪ್ಪ ತೀರಿಕೊಂಡು ಹನ್ನೆರಡು ವರ್ಷವಾಯಿತು. ಅಂಗಡಿಯನ್ನು ಈಗ ಮಗ ಅನಂತರಾಜು, ಸೊಸೆ ಭಾನುಪ್ರಿಯ ನಡೆಸುತ್ತಾರೆ. ಅರವತ್ತೊಂಬತ್ತರ ಕಾವೇರಮ್ಮ ಒಳಕೋಣೆಯಲ್ಲಿ ಕೂತು ಕರಡು ತಿದ್ದುತ್ತಾಳೆ. ಮನೆ, ಅಂಗಡಿ ಎರಡೂ ಸೇರಿದ ಕಟ್ಟಡ ಮಾತ್ರ ಇನ್ನೂ ಆಕೆಯ ಹೆಸರಿನಲ್ಲೇ ಇದೆ.

ಆ ಅಚ್ಚುಕೂಟದಲ್ಲಿ ಒಂದು ಪದ್ಧತಿ ಇತ್ತು. ಊರಿನಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಅವರ ಮನೆಯ ಗಂಡಸೊಬ್ಬ ಬಂದು ಬಾಗಿಲಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಿದ್ದ. ಆತ ಏನೂ ಹೇಳಬೇಕಾಗಿರಲಿಲ್ಲ. ಕಾವೇರಮ್ಮ ಕಾಗದ ತೆಗೆದು ಮಕ್ಕಳು, ಸೊಸೆಯರು, ಅಳಿಯಂದಿರ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದಳು. ಸತ್ತ ಹನ್ನೊಂದನೆಯ ದಿನಕ್ಕೆ ತಿಥಿ; ಅಷ್ಟರೊಳಗೆ ಕಾರ್ಡು ಅಚ್ಚಾಗಿ ಊರೂರಿಗೆ ಹಂಚಿ ಮುಗಿಯಬೇಕು. ಹಾಗಾಗಿ ತಾರೀಕಿನ ಜಾಗ ಒಂದನ್ನು ಖಾಲಿ ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಮೊದಲೇ ಜೋಡಿಸಿ, ದಾರದಲ್ಲಿ ಬಿಗಿದು, ಕೆಳಗಿನ ಹಲಗೆಯ ಮೇಲೆ ಕಾಗದ ಮುಚ್ಚಿ ಇಡುವಳು. ಕಾಯಿಲೆಯವರು ಎದ್ದು ಕೂತರು ಅಂತ ಸುದ್ದಿ ಬಂದರೆ ಅದೇ ದಿನ ದಾರ ಬಿಚ್ಚಿ ಮೊಳೆಗಳನ್ನೆಲ್ಲ ಖಾನೆಗೆ ಹಾಕಿಬಿಡಬೇಕು. ಒಬ್ಬರಿಗೂ ಹೇಳಬಾರದು. ಜೋಡಿಸುವುದು, ಬಿಚ್ಚುವುದು, ಎರಡನ್ನೂ ಆಕೆ ಮಗನಿಗೆ ಕಲಿಸಿದ್ದಳು.

ಜೂನ್ ತಿಂಗಳ ಒಂದು ಸೋಮವಾರ ಬೆಳಗ್ಗೆ ಪತ್ರ ಬರೆಯುವ ಬಸವಯ್ಯ ಫೋನು ಮಾಡಿದ. ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಮೂವತ್ತು ವರ್ಷದಿಂದ ಕ್ರಯಪತ್ರ, ದಾನಪತ್ರ ಬರೆದುಕೊಂಡು ಬಂದವನು.

"ಕಾವೇರಮ್ಮಾರೆ, ಕರಡು ಫೋನಿಗೆ ಹಾಕಿವ್ನಿ. ಒಸಿ ನೋಡ್ಬುಡಿ. ನಿಮ್ ಕಣ್ಣು ಬಿದ್ಮೇಲೆ ಸಬ್‌ರಿಜಿಸ್ಟ್ರಾರಿಗೂ ತಪ್ಪು ಸಿಕ್ಕಾಕಿಲ್ಲ."

"ಫೋನಲ್ಲಿ ನೋಡೋಕೆ ಅದೇನು ಸಿನಿಮಾನಾ ಬಸವಯ್ಯ? ಕಾಗದದ ಮೇಲೆ ಬರ್ಲಿ, ನೋಡ್ತೀನಿ."

"ನೋಡಿ, ನೋಡಿ. ಗುರುವಾರ ಹತ್ತು ಗಂಟೆಗೆ ಟೋಕನ್ ಐತೆ. ಮರೀಬ್ಯಾಡಿ."

ಮರೆಯುವ ವಿಷಯವಲ್ಲ. ಗುರುವಾರ ಕಾವೇರಮ್ಮ ಕಟ್ಟಡವನ್ನು ಪೂರ್ತಿಯಾಗಿ ಮಗನಿಗೆ ದಾನಪತ್ರ ಮಾಡಿಕೊಡುವುದು ಎಂದು ನಿಶ್ಚಯವಾಗಿತ್ತು. ಚನ್ನಪಟ್ಟಣಕ್ಕೆ ಕೊಟ್ಟಿರುವ ಮಗಳು ಪ್ರತಿಮಾಗೆ ಏನೂ ಇಲ್ಲ. ಹಾಗೆ ಮಾಡಲು ಕಾವೇರಮ್ಮನಿಗೆ ಕಾರಣವಿತ್ತು. ಜನವರಿಯಲ್ಲಿ ನ್ಯುಮೋನಿಯಾ ಬಂದು ಆಕೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹನ್ನೆರಡು ದಿನ ಎಚ್ಚರವಿಲ್ಲದೆ ಮಲಗಿದ್ದಳು. ಗಂಟಲಿಗೆ ಕೊಳವೆ ಇಳಿಸಿ ಯಂತ್ರದಿಂದ ಉಸಿರಾಡಿಸಿದ್ದರು. ಹದಿನೆಂಟನೆಯ ತಾರೀಕು ಭಾನುವಾರ ಕಣ್ಣು ಬಿಟ್ಟಾಗ ಮಗ ಇದ್ದ, ಸೊಸೆ ಇದ್ದಳು. ಮಗಳು ಇರಲಿಲ್ಲ. "ಬಂದಿದ್ಲು, ಜಗಳ ಆಡ್ಕಂಡು ಹೋದ್ಲು" ಎಂದಷ್ಟೇ ಅನಂತರಾಜು ಹೇಳಿದ. ಆಮೇಲೆ ಪ್ರತಿಮಾ ಎರಡು ಸಲ ಮಾಗಡಿಗೆ ಬಂದವಳು ಅಣ್ಣನ ಮನೆಯಲ್ಲಿ ಒಂದು ಲೋಟ ನೀರೂ ಕುಡಿಯದೆ ಮಧ್ಯಾಹ್ನದ ಬಸ್ಸಿಗೆ ಹೊರಟುಬಿಟ್ಟಳು. ಕಾವೇರಮ್ಮ ಯಾಕೆ ಅಂತ ಕೇಳಲಿಲ್ಲ. ಕೇಳುವುದು ಆಕೆಯ ಅಭ್ಯಾಸವಲ್ಲ; ಕಣ್ಣಿಗೆ ಕಂಡದ್ದನ್ನು ಓದಿ ತೀರ್ಮಾನ ಮಾಡುವುದು ಅಭ್ಯಾಸ. ತಾಯಿ ಸಾಯುವಾಗ ಜಗಳ ಆಡಿ ಎದ್ದುಹೋದವಳು ಮಗಳಲ್ಲ ಎಂದು ತೀರ್ಮಾನ ಮಾಡಿದಳು.

ಕರಡು ಕಾಗದದ ಮೇಲೆ ಬರಬೇಕು ಅಂದದ್ದೇನೋ ಸರಿ, ಬರುವ ದಾರಿ ಇರಲಿಲ್ಲ. ಪ್ರಿಂಟರನ್ನು ಅನಂತರಾಜುವಿನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದರು. ಕಾರ್ಡಿನ ಹಾಳೆ ತರಲು ಆತ ಬೆಂಗಳೂರಿಗೆ ಹೋದ ದಿನ ಲ್ಯಾಪ್‌ಟಾಪೂ ಹೋಗುತ್ತಿತ್ತು, ಮನೆಯ ಕೆಲಸವೆಲ್ಲ ನಿಲ್ಲುತ್ತಿತ್ತು. ಅಂದು ಸೋಮವಾರವೂ ಹಾಗೇ ಆಯಿತು. ಆಧಾರ್ ಪ್ರತಿ ತೆಗೆಸಲು ಬಂದ ಇಬ್ಬರನ್ನು ಭಾನುಪ್ರಿಯ ಬಾಗಿಲಲ್ಲೇ ವಾಪಸು ಕಳಿಸಿದ್ದನ್ನು ನೋಡಿ ಕಾವೇರಮ್ಮನಿಗೆ ರೇಗಿತು. ಕಂಪ್ಯೂಟರ್ ರಿಪೇರಿಯ ಓವೈಸ್ ಹೋದ ವಾರವೇ, "ಅಮ್ಮಾ, ಹೊಸ ವೈಫೈ ಪ್ರಿಂಟರ್ ತಗೊಂಬಿಡಿ, ತೊಂದ್ರೆನೇ ಇಲ್ಲ" ಎಂದಿದ್ದ. "ಇರೋ ಪ್ರಿಂಟರ್ ಏನ್ ತಪ್ಪು ಮಾಡೈತೆ?" ಎಂದು ಆಕೆ ಕೇಳಿದ ಮೇಲೆ ಬೇರೆ ಉಪಾಯವನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಒಳಕೋಣೆಯಲ್ಲಿ ಫೆಬ್ರವರಿಯಿಂದ ಬಟ್ಟೆ ಮುಚ್ಚಿಕೊಂಡು ಕೂತಿರುವ ಹಳೆಯ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡುವುದು, ಪ್ರಿಂಟರನ್ನು ಅದಕ್ಕೇ ಸಿಕ್ಕಿಸುವುದು, ಮನೆಯ ಲ್ಯಾಪ್‌ಟಾಪು, ಫೋನುಗಳೆಲ್ಲ ವೈಫೈ ಮೂಲಕ ಅದಕ್ಕೆ ಕೆಲಸ ಕಳಿಸುವ ಹಾಗೆ ಮಾಡುವುದು. ಅದು ಪ್ರಿಂಟ್ ಸರ್ವರ್ ಆಗುತ್ತದೆ.

"ಸರ್ವರ್ ಅಂದ್ರೆ ದೊಡ್ಡ ದೊಡ್ಡ ಆಫೀಸಲ್ಲಿ ಇರೋದಲ್ವಾ ಅತ್ತೆ?" ಭಾನುಪ್ರಿಯ ಬಾಗಿಲಿಗೆ ಒರಗಿ ಕೇಳಿದಳು.

"ಎಲ್ಲಾರ ಕೆಲ್ಸನೂ ಇಸ್ಕಂಡು, ಸಾಲಾಗಿ ನಿಲ್ಸಿ, ಒಂದೊಂದಾಗಿ ಯಂತ್ರಕ್ಕೆ ಕೊಡೋದು. ನಾನು ನಲವತ್ತು ವರ್ಷ ಮಾಡಿದ್ದು ಇನ್ನೇನು? ನನ್ನ ಯಾರೂ ಸರ್ವರ್ ಅನ್ನಲಿಲ್ಲ, ಅಷ್ಟೆ."

ಭಾನುಪ್ರಿಯ ನಕ್ಕು ಅಡುಗೆಮನೆಗೆ ಹೋದಳು.

ಕಾವೇರಮ್ಮ ಚೀಟಿಯನ್ನು ಗೋಡೆಗೆ ಒರಗಿಸಿಟ್ಟು ಒಂದೊಂದು ಸಾಲನ್ನೂ ಮುಗಿಸಿದ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋದಳು. ಕಂಪ್ಯೂಟರಿಗೆ ಬದಲಾಗದ ವಿಳಾಸ ಕೊಟ್ಟಾಯಿತು. ಅದು ತನ್ನಷ್ಟಕ್ಕೆ ನಿದ್ದೆಹೋಗದ ಹಾಗೆ ಮಾಡಿಯಾಯಿತು. ಪ್ರಿಂಟರನ್ನು ಎಲ್ಲರಿಗೂ ಹಂಚಿ, ಅದಕ್ಕೆ 'ಪ್ರೆಸ್' ಎಂದು ಹೆಸರಿಟ್ಟಳು. ತನ್ನ ಫೋನಿನಲ್ಲಿ ಓವೈಸ್ ಹೇಳಿದ ಆಪ್ ಹಾಕಿಕೊಂಡು ನೋಡಿದರೆ 'ಪ್ರೆಸ್' ಅಲ್ಲಿ ಕಾಣಿಸಿತು. ಬಸವಯ್ಯನ ಕರಡನ್ನು ಕಳಿಸಿದಳು. ಪ್ರಿಂಟರು ಅಲ್ಲಾಡಲಿಲ್ಲ.

ತೆರೆಯ ಮೇಲೆ ಸರತಿಯ ಪಟ್ಟಿ ತೆಗೆದು ನೋಡಿದಳು. ಆಕೆಯ ದಾನಪತ್ರ ನಾಲ್ಕನೆಯದಾಗಿ ನಿಂತಿತ್ತು. ಅದರ ಮುಂದೆ ಮೂರು ಕೆಲಸ, ಮೂರೂ ಅನಂತರಾಜು ಕಳಿಸಿದ್ದು, ಮೂರಕ್ಕೂ ಹೆಸರಿಲ್ಲ. ಕಳಿಸಿದ ದಿನ ಜನವರಿ ಹನ್ನೆರಡು, ಹದಿನೈದು, ಹದಿನಾರು. ಆಗ ಪ್ರಿಂಟರು ಇದೇ ಕಂಪ್ಯೂಟರಿಗೆ ಸಿಕ್ಕಿಕೊಂಡಿತ್ತು. ಶಾಯಿ ಒಣಗಿ ಕೆಟ್ಟು, ಓವೈಸನ ಅಂಗಡಿ ಸೇರಿ, ರಿಪೇರಿಯಾಗಿ ಬರುವಷ್ಟರಲ್ಲಿ ಲ್ಯಾಪ್‌ಟಾಪು ಬಂದಿತ್ತು. ಆವತ್ತು ಕಳಿಸಿದ್ದು ಕಂಪ್ಯೂಟರಿನ ಹೊಟ್ಟೆಯಲ್ಲೇ ಉಳಿದುಬಿಟ್ಟಿದೆ.

"ಕಡತಕ್ಕೆ ಹೆಸ್ರಿಡ್ಲಾ ಅಂತ ಸಾವಿರ ಸಲ ಹೇಳಿವ್ನಿ" ಎಂದು ಗೊಣಗಿದಳು. ಮೂರನ್ನೂ ಅಳಿಸಿಹಾಕಬಹುದಿತ್ತು. ಗಿರಾಕಿಯ ಕೆಲಸ ಏನಾದರೂ ಇದ್ದೀತು, ನೋಡದೆ ಎಸೆಯುವುದು ಹೇಗೆ? ಹಾಳೆ ದಂಡವಾಗಬಾರದೆಂದು ಮೂರೇ ಹಾಳೆ ಇಟ್ಟು, ಪ್ರಿಂಟರು ಕೆಟ್ಟಾಗ ತಡೆದು ನಿಲ್ಲಿಸಿದ್ದ ಸರತಿಯನ್ನು ಬಿಟ್ಟಳು.

ಪ್ರಿಂಟರು ಗುರ್ ಎಂದು ಹಾಳೆಯನ್ನು ಎಳೆದುಕೊಂಡಿತು. ಮೊದಲು ಬಂದದ್ದು ಕಪ್ಪು ಅಂಚು. ಆಮೇಲೆ 'ಕೈಲಾಸ ಸಮಾರಾಧನೆ' ಎಂಬ ತಲೆಬರಹ. ಯಾರದೋ ತಿಥಿ ಕಾರ್ಡು ಅಂದುಕೊಂಡಳು. ತಲೆಬರಹದ ಕೆಳಗೆ ಫೋಟೊ ಒಂದೊಂದೇ ಗೆರೆಯಾಗಿ ಇಳಿಯಿತು: ನರೆತ ಬೈತಲೆ, ಹಣೆ, ಕನ್ನಡಕ. ಕನ್ನಡಕದ ಎಡಗಡೆಯ ಕಡ್ಡಿಗೆ ಬಿಳಿ ದಾರ ಸುತ್ತಿತ್ತು. ಕಾವೇರಮ್ಮ ಕೈಯೆತ್ತಿ ತನ್ನ ಕನ್ನಡಕ ಮುಟ್ಟಿ ನೋಡಿಕೊಂಡಳು. ದಾರ ಅಲ್ಲೇ ಇತ್ತು.

'ಶ್ರೀಮತಿ ಕಾವೇರಮ್ಮ ಕೋಂ ದಿವಂಗತ ಬೈರಪ್ಪನವರು ದಿನಾಂಕ' ಎಂದು ಬರೆದು ಜಾಗ ಬಿಟ್ಟು, 'ರಂದು ದೈವಾಧೀನರಾದ ಪ್ರಯುಕ್ತ' ಎಂದು ಮುಂದುವರಿದಿತ್ತು.

ಕುರ್ಚಿ ಎಲ್ಲಿದೆ ಎಂದು ಹಿಂದಕ್ಕೆ ತಡಕಿ ಕೂತಳು. ಸಾವಿರಾರು ಜನರ ಹೆಸರನ್ನು ಆ ಜಾಗದಲ್ಲಿ ಕೂರಿಸಿದ್ದವಳಿಗೆ ತನ್ನ ಹೆಸರು ಅಲ್ಲಿ ಓದಲು ಬರಲಿಲ್ಲ. ಅಕ್ಷರಗಳು ಬಿಡಿಬಿಡಿ ಮೊಳೆಗಳಾಗಿ ಕಂಡವು. ಹಾಳೆಯನ್ನು ಎತ್ತಿಕೊಂಡಾಗ ಶಾಯಿ ಇನ್ನೂ ಹಸಿ. ಹೆಬ್ಬೆರಳು ತಗುಲಿ ಫೋಟೊದ ಕೆನ್ನೆ ಕದಡಿತು.

ಸ್ವಲ್ಪ ಹೊತ್ತಿಗೆ ಬುದ್ಧಿ ಮರಳಿತು. ಜನವರಿ ಹನ್ನೆರಡು. ಆಗ ಆಸ್ಪತ್ರೆಗೆ ಸೇರಿಸಿ ಐದು ದಿನ. ಕಾಯಿಲೆ ಜೋರಾಗಿದೆ, ಮಗ ಜೋಡಿಸಿಟ್ಟಿದ್ದಾನೆ. ತಾರೀಕಿನ ಜಾಗ ಖಾಲಿ ಬಿಟ್ಟಿದ್ದಾನೆ. ಪದ್ಧತಿ ಪ್ರಕಾರವೇ ಮಾಡಿದ್ದಾನೆ. ಕೆಳಗೆ 'ದುಃಖತಪ್ತರು' ಎಂಬಲ್ಲಿ ಮಗ ಅನಂತರಾಜು, ಸೊಸೆ ಭಾನುಪ್ರಿಯ, ಮಗಳು ಪ್ರತಿಮಾ, ಅಳಿಯ ಜಯಕುಮಾರ್. ಹೆಸರೂ ಸರಿ, ಸಾಲೂ ಸರಿ. ಎದುರು ಮನೆಯವರ ಕಾರ್ಡಾಗಿದ್ದರೆ ಇದನ್ನು ಭೇಷ್ ಅನ್ನುತ್ತಿದ್ದೆ, ನನ್ನದಾದ ಕೂಡಲೇ ಬೆಚ್ಚುವುದು ಯಾವ ನ್ಯಾಯ ಎಂದು ತನ್ನನ್ನೇ ಗದರಿಕೊಂಡಳು.

ಎರಡನೆಯ ಹಾಳೆ ಬಂತು. ಅದೇ ಕಾರ್ಡು. ಆದರೆ ಖಾಲಿ ಜಾಗ ತುಂಬಿತ್ತು. 'ದಿನಾಂಕ ಹದಿನೇಳು, ಶನಿವಾರ ಬೆಳಗ್ಗೆ.' ತಿಥಿ ಇಪ್ಪತ್ತೇಳು, ಮಂಗಳವಾರ.

ಕಾವೇರಮ್ಮ ತೆರೆಯ ಕಡೆ ನೋಡಿದಳು. ಕಳಿಸಿದ್ದು ಹದಿನೈದು. ಮತ್ತೆ ಹಾಳೆ ನೋಡಿದಳು. ಹದಿನೇಳು. ಇನ್ನೊಮ್ಮೆ ನೋಡಿದರೂ ಅದು ಬದಲಾಗಲಿಲ್ಲ. ಸಾಯುವ ದಿನವನ್ನು ಎರಡು ದಿನ ಮೊದಲೇ ತುಂಬಿದ ಕಾರ್ಡನ್ನು ನಲವತ್ತು ವರ್ಷದಲ್ಲಿ ಆಕೆ ಕಂಡಿರಲಿಲ್ಲ. ಯಮನಿಗೂ ಗೊತ್ತಿಲ್ಲದ ತಾರೀಕು ಇವನಿಗೆ ಹೇಗೆ ಗೊತ್ತಾಯಿತು?

ಮೂರನೆಯ ಹಾಳೆಯನ್ನು ಆಕೆ ಬಗ್ಗಿ, ಬರಬರುತ್ತಲೇ ಓದಿದಳು. ತಾರೀಕು ಅದೇ. ತಿಥಿ ಅದೇ. ಬದಲಾದದ್ದು ಏನು ಎಂದು ಮೊದಲಿಗೆ ತಿಳಿಯಲಿಲ್ಲ. ಎರಡು ಕರಡುಗಳನ್ನು ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಬೆರಳಿಟ್ಟುಕೊಂಡು ಇಳಿದಳು. ಕೊನೆಯಲ್ಲಿ ಸಿಕ್ಕಿತು. ದುಃಖತಪ್ತರು: ಮಗ ಅನಂತರಾಜು, ಸೊಸೆ ಭಾನುಪ್ರಿಯ, ಬಂಧುಮಿತ್ರರು. ಮಗಳೂ ಇಲ್ಲ, ಅಳಿಯನೂ ಇಲ್ಲ.

ಫೋಟೊ ಕೆಂಗಲ್ ಆಂಜನೇಯನ ಗುಡಿಯ ಮುಂದೆ ತೆಗೆಸಿದ್ದು. ಪಕ್ಕದಲ್ಲಿ ನಿಂತವಳನ್ನು ಕತ್ತರಿಸಿದ್ದರು. ಕಾವೇರಮ್ಮನ ಹೆಗಲ ಮೇಲೆ ನಾಲ್ಕು ಬೆರಳು, ಒಂದು ಉಂಗುರ ಮಾತ್ರ ಉಳಿದಿತ್ತು. ಅದು ಪ್ರತಿಮಾಳ ಕೈ.

ಹಾಳೆ ಮುಗಿದು ಪ್ರಿಂಟರಿನ ಕೆಂಪು ದೀಪ ಮಿಣುಕತೊಡಗಿತು. ದಾನಪತ್ರ ಸರತಿಯಲ್ಲೇ ನಿಂತಿತು.

ಕಾಫಿ ಲೋಟ ಹಿಡಿದು ಬಂದ ಭಾನುಪ್ರಿಯ ಮೇಜಿನ ಮೇಲೆ ಸಾಲಾಗಿ ಹಾಸಿದ್ದ ಮೂರು ಹಾಳೆಗಳನ್ನು ನೋಡಿ ಅಲ್ಲೇ ನಿಂತಳು.

"ಅಯ್ಯೋ ಅತ್ತೆ, ಇದು... ನಂಗೇನೂ ಗೊತ್ತಿಲ್ಲ ಅತ್ತೆ."

"ನಾನಿನ್ನೂ ಏನೂ ಕೇಳೇ ಇಲ್ವಲ್ಲ" ಎಂದಳು ಕಾವೇರಮ್ಮ. "ಲೋಟ ಅಲ್ಲಿಡು. ಚೆಲ್ತಾ ಐತೆ."

ಅನಂತರಾಜು ಮಧ್ಯಾಹ್ನ ನಾಲ್ಕಕ್ಕೆ ಬಂದ. ಹೆಗಲ ಮೇಲಿನ ಕಾರ್ಡಿನ ಕಟ್ಟನ್ನು ಇಳಿಸುತ್ತಲೇ, "ಅವ್ವ, ಬಸವಯ್ಯ ಸಿಕ್ಕಿದ್ದ, ಕರಡು ನೋಡಿದ್ರಾ ಅಂತ..." ಎಂದವನು ಮೇಜು ಕಂಡು ಮಾತು ನಿಲ್ಲಿಸಿದ. ಕಟ್ಟು ಕೈಯಿಂದ ಜಾರಿ, ದಾರ ಕಿತ್ತು, ಹೊಳೆಯುವ ಹಾಳೆಗಳು ನೆಲದ ತುಂಬ ಹರಡಿದವು. ಯಾರೂ ಆಯಲು ಬಗ್ಗಲಿಲ್ಲ.

"ಮೊದಲ್ನೇದು ನಾನೇ ಕಲಿಸಿದ್ದು" ಎಂದಳು ಕಾವೇರಮ್ಮ. "ಅದರ ಬಗ್ಗೆ ಮಾತಿಲ್ಲ. ಎರಡ್ನೇದು ಹೇಳು. ಹದಿನೇಳು ಅಂತ ಯಾರ್ ಹೇಳಿದ್ರು?"

ಆತ ಕುರ್ಚಿಯ ಬೆನ್ನು ಹಿಡಿದುಕೊಂಡ. "ಡಾಕ್ಟ್ರು ಹೇಳಿದ್ರು ಅವ್ವ. ಇನ್ನೇನೂ ಆಗಾಕಿಲ್ಲ, ಯಂತ್ರ ಉಸ್ರಾಡ್ತಾ ಐತೆ ಅಷ್ಟೆ, ಮನೆಯೋರೆಲ್ಲ ಒಪ್ಪಿ ಸೈನ್ ಹಾಕಿದ್ರೆ ಕೊಳವೆ ತೆಗೀತೀವಿ ಅಂದ್ರು. ಹದಿನೇಳು ಬೆಳಗ್ಗೆ ಅಂತ ಆಯ್ತು. ತೆಗೆದ್ರೆ ಗಂಟೆನೂ ಇರಾಕಿಲ್ಲ ಅಂದ್ರು. ನಾನು ಸೈನ್ ಹಾಕ್ದೆ."

ಹೊರಗೆ ಬೀದಿಯಲ್ಲಿ ಕುದೂರಿನ ಬಸ್ಸು ಹಾರನ್ನು ಹೊಡೆಯುತ್ತ ಹೋಯಿತು. ಕಾವೇರಮ್ಮನಿಗೆ ಅದು ಬಹಳ ದೂರದಲ್ಲಿ ಕೇಳಿಸಿತು. ಈ ಮನೆಯಲ್ಲಿ, ಇದೇ ಮೇಜಿನ ಮುಂದೆ, ಐದು ತಿಂಗಳಿಂದ ಉಂಡು, ಉಟ್ಟು, ಬೈದು, ಕರಡು ತಿದ್ದುತ್ತಿದ್ದ ಹೆಂಗಸು ಹದಿನೇಳನೆಯ ತಾರೀಕೇ ಸತ್ತುಹೋಗಬೇಕಾಗಿತ್ತು.

"ಪ್ರತಿಮಾ?"

ಅನಂತರಾಜು ನೆಲ ನೋಡಿದ. ಭಾನುಪ್ರಿಯ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದವಳು ತಡೆಯದೆ ಹೇಳಿಬಿಟ್ಟಳು: "ಅವ್ಳು ಹಾಕಾಕಿಲ್ಲ ಅಂದ್ಲು ಅತ್ತೆ. ಕಾಗದನ ಹರಿದಾಕ್ಬುಟ್ಲು. ಒಬ್ರು ಒಪ್ದಿದ್ರೂ ಮುಟ್ಟಾಕಿಲ್ಲ ಅಂತ ಡಾಕ್ಟ್ರು ಹಿಂದೆ ಸರಿದ್ರು. ಎರಡು ದಿನ, ಎರಡು ರಾತ್ರಿ ಐಸಿಯು ಬಾಗಿಲಲ್ಲೇ ಕೂತಿದ್ಲು. ನೀವು ಕಣ್ ಬುಟ್ರಿ ಅಂತ ನರ್ಸು ಬಂದು ಹೇಳಿದ್ಮೇಲೆ ಎದ್ದು, ನನ್ ಹತ್ರ ಬಸ್ ಚಾರ್ಜಿಗೆ ಚಿಲ್ರೆ ಇಸ್ಕಂಡು ಹೊರಟೋದ್ಲು."

"ಎಲ್ಲಾರ ಮುಂದೆ ನನ್ನ ಕೊಲೆಗಾರ ಅಂದ್ಲು ಅವ್ವ" ಎಂದ ಅನಂತರಾಜು. "ಹತ್ತು ದಿನದಿಂದ ನಿದ್ದೆ ಇರಲಿಲ್ಲ ನಂಗೆ. ಸಿಟ್ಟು ಬಂತು. ಬೆಳಗಾಗೋದ್ರೊಳಗೆ ಒಪ್ಪೇ ಒಪ್ತಾಳೆ, ಆದ್ರೂ ಈ ಸಾವಲ್ಲಿ ಅವ್ಳು ನಮ್ ಜೊತೆ ಇಲ್ಲ ಅಂದ್ಕಂಡು ರಾತ್ರಿ ಮನೆಗೆ ಬಂದು ಹೆಸ್ರು ತೆಗೆದ್ಬುಟ್ಟೆ."

"ಯಾವ ಸಾವಲ್ಲಿ?" ಎಂದಳು ಕಾವೇರಮ್ಮ.



ಕಾವೇರಮ್ಮ ಮೂರೂ ಹಾಳೆಗಳನ್ನು ಒಟ್ಟು ಮಾಡಿ ಅಂಚು ಸರಿಪಡಿಸಿದಳು. "ಸೈನ್ ಹಾಕಿದ್ದಕ್ಕೆ ನಾನು ನಿನ್ನ ಏನೂ ಅನ್ನಾಕಿಲ್ಲ. ಓದಿದೋರು ಹೇಳಿದ್ರು, ನೀನು ನಂಬ್ದೆ. ನಾನಿದ್ರೂ ನಂಬ್ತಿದ್ದೆ. ನಾನು ಎದ್ ಕೂತ ದಿನ ದಾರ ಬಿಚ್ಬೇಕಾಗಿತ್ತು ನೀನು. ಬಿಚ್ಚಲಿಲ್ಲ. ಕಾರ್ಡಂತೂ ಮರೆತೆ, ಆಗ್ಲಿ. ತಂಗಿ ಯಾಕೆ ಹೋದ್ಲು ಅಂತ ಒಂದ್ ಮಾತು ಆಡ್ದೆ ಐದು ತಿಂಗ್ಳು ನನ್ ಮುಂದೆ ಕೂತು ಉಂಡ್ಯಲ್ಲ ಅನಂತ. ನಾನು ಅವ್ಳನ್ನ ಬೈದಾಗೆಲ್ಲ ತಟ್ಟೆ ನೋಡ್ಕಂಡು ಕೂತಿದ್ಯಲ್ಲ."

"ಹೇಳಿದ್ರೆ ನೀನು ನನ್ನ ಮುಖ ನೋಡ್ತಿದ್ಯಾ ಅವ್ವ?"

"ಈಗ ನೋಡ್ತಾ ಇಲ್ವಾ?"

ಆತ ತಲೆಯೆತ್ತಿದ. ಆಕೆ ನಿಜವಾಗಿಯೂ ನೋಡುತ್ತಿದ್ದಳು, ಕರಡು ನೋಡುವ ಹಾಗೆ, ರೆಪ್ಪೆ ಮಿಟುಕಿಸದೆ. ಆತನೇ ಮುಖ ತಿರುಗಿಸಿಕೊಂಡ.

ಮಗನನ್ನು ಬಿಟ್ಟು ಆಕೆ ಮತ್ತೊಂದು ಲೆಕ್ಕ ಹಾಕುತ್ತಿದ್ದಳು. ನೀರು ಕುಡಿಯದೆ ಹೋದವಳನ್ನು ಬಾಗಿಲಲ್ಲಿ ನಿಂತು ನೋಡಿದವಳು ತಾನು. ಓದಿದ್ದೇನೆ ಎಂದುಕೊಂಡವಳೂ ತಾನು. ಬಿಟ್ಟುಹೋದ ಸಾಲನ್ನು ಕಾಣದೆ ತೀರ್ಮಾನ ಬರೆದುಬಿಟ್ಟಿದ್ದಳು. ಇಂಥ ತಪ್ಪನ್ನು ಬೇರೆ ಯಾರಾದರೂ ಮಾಡಿದ್ದರೆ ಆಕೆ ಅವರನ್ನು ಮೊಳೆ ಮುಟ್ಟಲು ಬಿಡುತ್ತಿರಲಿಲ್ಲ.

"ಹಾಳೆ ಹಾಕು" ಎಂದಳು.

ಅನಂತರಾಜು ನೆಲಕ್ಕೆ ಬಿದ್ದ ಕಾರ್ಡುಗಳನ್ನು ದಾಟಿಕೊಂಡು ಹೋಗಿ ಪ್ರಿಂಟರಿಗೆ ಹಾಳೆ ತುಂಬಿದ. ಕೆಂಪು ದೀಪ ಹಸಿರಾಯಿತು. ಸರತಿಯಲ್ಲಿ ನಾಲ್ಕನೆಯದಾಗಿ ನಿಂತಿದ್ದ ದಾನಪತ್ರ ಮೂರು ಪುಟವಾಗಿ ಹೊರಗೆ ಬಂತು. ಕಾವೇರಮ್ಮ ಕೆಂಪು ಪೆನ್ನು ತೆಗೆದು ಓದಲು ಕೂತಳು. ಅರ್ಧ ಗಂಟೆ ತಿದ್ದಿದಳು. ಆಮೇಲೆ ಫೋನು ಎತ್ತಿಕೊಂಡಳು.

ಚನ್ನಪಟ್ಟಣದಲ್ಲಿ, ಮೈಸೂರು ರಸ್ತೆಯ ಬದಿಯ ಬೊಂಬೆ ಅಂಗಡಿಯಲ್ಲಿ ಪ್ರತಿಮಾ ಗಿರಾಕಿಗಳ ನಡುವೆ ಇದ್ದಳು. ಅವ್ವನ ಹೆಸರು ಫೋನಿನಲ್ಲಿ ಕಂಡು ಗಾಬರಿಯಾಗಿರಬೇಕು.

"ಏನವ್ವ? ಹುಷಾರಾಗಿದ್ದೀಯಾ?"

"ಹುಷಾರಾಗಿವ್ನಿ. ಆ ಕಾಗದ ನೀನು ಹರಿದಾಕಿದ್ದಂತೆ."

ಆ ಕಡೆ ಯಾರೋ ಗಿರಾಕಿ ಬುಗುರಿಯ ಬೆಲೆ ಕೇಳುತ್ತಿದ್ದರು.

"ಯಾರ್ ಹೇಳಿದ್ರು?" ಎಂದಳು ಪ್ರತಿಮಾ.

"ಪ್ರಿಂಟರು. ನೀನ್ಯಾಕೆ ಹೇಳಲಿಲ್ಲ?"

"ಹೇಳಿ? ನೀನು ಅವ್ನ ಮನೇಲಿ ಬಾಳ್ಬೇಕಲ್ಲವ್ವ. ನಾನು ಹೇಳ್ಬುಟ್ಟು ಬಸ್ ಹತ್ಕಂಡು ಬತ್ತೀನಿ, ನೀನು ಅಲ್ಲೇ ಇರ್ಬೇಕು."

ಕಾವೇರಮ್ಮನಿಗೆ ಒಮ್ಮೆಲೇ ಏನೂ ಕಾಣಿಸಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

"ಗುರುವಾರ ಹತ್ತು ಗಂಟೆಗೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬಾ. ಆಧಾರ್ ಕಾರ್ಡು, ಎರಡು ಫೋಟೊ ತಗೊಂಡ್ ಬಾ."

"ನಂಗೇನೂ ಬ್ಯಾಡ ಕಣವ್ವ."

"ಬೇಕಾ ಅಂತ ನಾನು ಕೇಳಲಿಲ್ಲ. ಮೊದಲ್ನೇ ಬಸ್ಸಿಗೇ ಹೊರಡು. ರಾಮನಗರದಲ್ಲಿ ಬಸ್ ತಪ್ಪಿದ್ರೆ ಟೋಕನ್ ಹೋಗ್ತದೆ."

ಫೋನಿಟ್ಟು ಮಗನ ಕಡೆ ತಿರುಗಿ, "ಆ ಕಾರ್ಡಿನ ಕಡತ ಎಲ್ಲೈತೆ, ತೆಗಿ" ಎಂದಳು. ಅನಂತರಾಜು ಹಳೆಯ ಕಂಪ್ಯೂಟರಿನ ಮುಂದೆ ಕೂತು, ಹೆಸರಿಲ್ಲದ ಮೂರು ಕಡತಗಳನ್ನು ಆಕೆಯ ಕಣ್ಣೆದುರೇ ಒಂದೊಂದಾಗಿ ಅಳಿಸಿದ. ಆಕೆ ಮೂರನ್ನೂ ಎಣಿಸಿದಳು. ತಿದ್ದಿದ ದಾನಪತ್ರದ ಫೋಟೊ ತೆಗೆದು ಬಸವಯ್ಯನಿಗೆ ಕಳಿಸಿದ್ದೂ ಆತನೇ. ಮೊದಲನೆಯ ಫೋಟೊ ಮಸುಕಾಗಿತ್ತು. ಎರಡನೆಯದನ್ನು ಆಕೆ ನೋಡಿ ಒಪ್ಪಿದ ಮೇಲೆ ಹೋಯಿತು.

ಐದು ನಿಮಿಷಕ್ಕೆ ಬಸವಯ್ಯನ ಫೋನು ಬಂತು.

"ಇದೇನ್ ಕಾವೇರಮ್ಮಾರೆ! ಒಸಿ ನೋಡಿ ಅಂದ್ರೆ ಹೊಸಾ ಪತ್ರನೇ ಬರೆದ್ಬುಟ್ಟಿದ್ದೀರಲ್ಲ. ಅರ್ಧ ಮಗಂಗೆ, ಅರ್ಧ ಮಗಳಿಗೆ ಅಂತ ಐತೆ! ಬೆಳಗ್ಗೆ ಹಿಂಗಿರಲಿಲ್ವಲ್ಲ, ಏನಾಯ್ತು?"

"ಒಂದು ಹೆಸ್ರು ಬಿಟ್ಟೋಗಿತ್ತು ಬಸವಯ್ಯ. ತಿದ್ದಿವ್ನಿ."